ಶೇಟರ ಉಪವಾಸ ಮತ್ತು ದಿಂಡಿಯ ವೀಣೆ

ಮಾಸ್ತರರು ಗುರುನಾಥ ಶೇಟರನ್ನು ಮೊದಲ ಸಲ ಕಂಡದ್ದು ಒಂದು ಸೋಮವಾರ, ಹುಮನಾಬಾದಿನ ಶೇಟರ ಕಿರಾಣಿ ಅಂಗಡಿಯಲ್ಲಿ. ಊರ ಶಾಲೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಅವರು ಉಪ್ಪು ಕೇಳಿದರೆ, ಶೇಟರು ಬಾಯಿ ತೆರೆಯದೆ ಬೆರಳಿನಿಂದ ಚೀಲ ತೋರಿಸಿದರು. ಮೌನವ್ರತವಿರಬೇಕೆಂದು ಮಾಸ್ತರರು ಭಕ್ತಿಯಿಂದ ಕೈ ಮುಗಿದರು. ಶೇಟರ ಬಾಯಿಯ ತುಂಬ ಶೇಂಗಾದ ಉಂಡೆ ಇದ್ದುದು ಆಮೇಲೆ ತಿಳಿಯಿತು.

“ಇವತ್ತ ನಮ್ದು ಉಪವಾಸ ಅದ್ರಿ ಮಾಸ್ತರ,” ಎಂದರು, ನುಂಗಿ ನೀರು ಕುಡಿದು. “ಭಾಳ ಸುಸ್ತ ಆಗ್ತದ.”

ಶೇಟರಿಗೆ ಲೋಕದಲ್ಲಿ ಅಂಗಡಿಗಿಂತ ದೊಡ್ಡದು ಒಂದೇ ಇತ್ತು: ಆಷಾಢದಲ್ಲಿ ಭಜನೆ ಮಾಡುತ್ತ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರ ತಂಡದ, ಅಂದರೆ ದಿಂಡಿಯ, ವೀಣೆ. ಅದನ್ನು ಕೊರಳಿಗೆ ಹಾಕಿಕೊಂಡವನು ಎಲ್ಲರಿಗಿಂತ ಮುಂದೆ ನಡೆಯಬೇಕು. ದಾರಿಯಲ್ಲಿ ಅದನ್ನು ನೆಲಕ್ಕಿಡುವಂತಿಲ್ಲ. ಅವರ ತಂದೆ ಹಿಡಿದಿದ್ದರು, ಅವರೂ ಹಿಡಿಯುತ್ತ ಬಂದಿದ್ದರು. ಅಂಥವರ ಕಾಲ್ಬೆರಳಿಗೆ, ಮಾಸ್ತರರು ಊರಿಗೆ ಬರುವ ಮೊದಲೇ, ಹಿಂದಿನ ದಿಂಡಿ ಮುಗಿದ ಮೇಲೆ ಒಂದು ಗಾಯವಾಗಿ, ವಾಸಿಯಾಗಲೊಲ್ಲದಾಯಿತು. ಬಸವಕಲ್ಯಾಣದ ಡಾಕ್ಟರ್ ಮನೀಷಾ ರಕ್ತ ಪರೀಕ್ಷೆ ಮಾಡಿ, “ಶುಗರ್ ಇಳೀದಿದ್ರ ಈ ಸಲ ದಿಂಡಿ ಮರೀರಿ ಕಾಕಾ. ಕರಿದದ್ದು, ಸಿಹಿ ಬಿಡ್ರಿ. ಊಟದಾಗ ಹಿಡಿತ ಇರ್ಲಿ,” ಎಂದರು.

ವೀಣೆ ಬೇರೆಯವರ ಕೊರಳಲ್ಲಿ! ಬಸ್ಸಿನಲ್ಲಿ ಮರಳುವಾಗ ಶೇಟರಿಗೆ ಅದೊಂದೇ ಚಿಂತೆ. ಊರು ಮುಟ್ಟುವುದರೊಳಗೆ ಉಪಾಯವೂ ಹೊಳೆಯಿತು. ಊಟದಲ್ಲಿ ಹಿಡಿತವೆಂದರೆ ಉಪವಾಸವಲ್ಲದೆ ಮತ್ತೇನು? ಆದರೆ ಒಬ್ಬರೇ ಉಪವಾಸವಿದ್ದು, ಉಳಿದವರು ಉಣ್ಣುವುದನ್ನು ನೋಡುವುದು ಅವರಿಂದಾಗದ ಕೆಲಸ. ಆದುದರಿಂದ ಇಡೀ ಪೇಟೆಯ ಆರೋಗ್ಯವನ್ನು ಸುಧಾರಿಸಲು ತೀರ್ಮಾನಿಸಿದರು.

ಭಜನಾ ಮಂಡಳಿಯವರನ್ನೂ ಅಂಗಡಿಕಾರರನ್ನೂ ಕೂಡಿಸಿ, “ಹೊಟ್ಟಿಗಿ ರಜಾ ಕೊಡ್ರಿ! ಸೋಮವಾರ, ಗುರುವಾರ, ಎರಡೂ ಏಕಾದಶಿ,” ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿದ್ದವು. ಬೀಳದೆ ಏನು? ಈ ಕಡೆ ಉಪವಾಸವೆಂದರೆ ರೊಟ್ಟಿ ಮತ್ತು ಪುಂಡಿಪಲ್ಯವನ್ನು ಬಿಡುವುದು. ತುಪ್ಪದಲ್ಲಿ ಹೊರಳಿಸಿದ ಸಾಬುದಾಣಿ ಖಿಚಡಿ, ಕರಿದ ಬಟಾಟಿ, ರಾಜಗಿರಿ ಲಾಡು, ಶೇಂಗಾದ ಉಂಡೆ, ಇವು ಯಾವುವೂ ಊಟದ ಲೆಕ್ಕಕ್ಕೆ ಬರುವುದಿಲ್ಲ, ಇವು ಫರಾಳ, ಉಪವಾಸದ ತಿಂಡಿ.

ಹೋಟೆಲಿನ ದಿಗಂಬರ ಸೋಮವಾರ ಮಿರ್ಚಿ ಭಜಿ ನಿಲ್ಲಿಸಿ, ಅದೇ ಬಾಣಲೆಯಲ್ಲಿ ಸಾಬುದಾಣಿ ವಡೆ ಬಿಟ್ಟು, ಬಾಗಿಲಿಗೆ “ಆರೋಗ್ಯ ಫರಾಳ” ಎಂದು ಫಲಕ ಹಾಕಿದ. ಬಸವಕಲ್ಯಾಣದ ವ್ಯಾಪಾರಿಗಳು ಶೇಟರನ್ನು ಕರೆಸಿ, ಶಾಲು ಹೊದಿಸಿ, ತಾವೂ ಆರೋಗ್ಯವಂತರಾಗತೊಡಗಿದರು. ಸಾಬುದಾಣಿಯ ಚೀಲಗಳು ಶೇಟರ ಅಂಗಡಿಯಿಂದಲೇ ಹೋಗುತ್ತಿದ್ದವು. ಅದು ಭಗವಂತನ ಕೃಪೆಯೆಂದು ಅವರು ವಿನಯದಿಂದ ಹೇಳುತ್ತಿದ್ದರು.

ಮಂಡಳಿಯ ಫರಾಳ ಮಾತ್ರ ಶೇಟರ ಮನೆಯಲ್ಲಿ. ಭಜನೆ ಮುಗಿದೊಡನೆ ಮೃದಂಗದಂಥ ಪಖವಾಜ ಬಾರಿಸುವ ಅಜೀತ ತಾಟು ಚಾಚುವನು. “ವೈನಿ, ಇನ್ನೊಂದೀಟ ಹಾಕ್ರಿ. ಉಪವಾಸ ಅದ.”

ಶೇಟರ ಹೆಂಡತಿ ಲಲಿತಾಬಾಯಿ ಎಣ್ಣೆ ಸೋರುವ ಕರಿಯುವ ಜಾರೆ ಹಿಡಿದುಕೊಂಡೇ ಹೊರಗೆ ಬರುವಳು. “ಊಟದ ದಿನ ಇದರ ಅರ್ಧಾನೂ ತಿನ್ನಂಗಿಲ್ಲಲ್ಲೋ ಅಜೀತ! ಇಷ್ಟ ಭಕ್ತಿ ದೇವರಿಗೂ ತಡಕೊಳ್ಳಾಕ ಆಗಂಗಿಲ್ಲ.”

ಚಳಿಗಾಲ ಕಳೆಯುವಷ್ಟರಲ್ಲಿ ಅಜೀತನ ಹೊಟ್ಟೆ ಪಖವಾಜವನ್ನು ಮುಂದಕ್ಕೆ ತಳ್ಳಿತ್ತು. ಬಾರಿಸಲು ಕೈ ನೀಡಿ ಬಾಗಬೇಕಾಗುತ್ತಿತ್ತು.

ಆಷಾಢ ಸಮೀಪಿಸಿದಾಗ ಶೇಟರು ಗೆದ್ದವರ ಗತ್ತಿನಿಂದ ಹೆಂಡತಿಯೊಡನೆ ಬಸವಕಲ್ಯಾಣಕ್ಕೆ ಹೋದರು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು.

“ನಿಮ್ಮ ಮಶೀನ್ ಕೆಟ್ಟದ್ರಿ ಡಾಕ್ಟರ್! ನಾ ತಿಂಗಳಗಟ್ಲೆ ಉಪವಾಸ ಮಾಡಾಕತ್ತೇನಿ. ಬೇಕಾದ್ರ ನಮ್ಮ ಮನಿಯವರದ್ದೂ ನೋಡ್ರಿ, ಅಕಿಗೂ ಶುಗರ್ ಅದ.”

ನೋಡಿದರು. ಲಲಿತಾಬಾಯಿಯ ಸಕ್ಕರೆ ಚೆನ್ನಾಗಿ ಇಳಿದಿತ್ತು.

“ನೀವೇನ್ ತಿಂದ್ರಿ ಬಾಯಿ?” ಎಂದರು ಡಾಕ್ಟರ್.

“ತಿನ್ನಾಕ ಎಲ್ಲಿ ಪುರಸೊತ್ತರಿ? ಇವರ ಉಪವಾಸದ ದಿನ ಇಡೀ ಮಂಡಳಿಗಿ ಕರಿಯೂದ್ರಾಗ ಎಣ್ಣಿ ವಾಸನಿಗೇ ಹೊಟ್ಟಿ ತುಂಬತದ. ಎಲ್ಲಾರೂ ಹ್ವಾದ ಮ್ಯಾಲ ಒಂದ ರೊಟ್ಟಿ, ಪುಂಡಿಪಲ್ಯ. ಮುಗೀತು.”

ಶೇಟರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಅವರಿಗೆ ಸಕ್ಕರೆಗಿಂತ ಆ ರೊಟ್ಟಿಯೇ ದೊಡ್ಡ ಆಘಾತವಾಗಿತ್ತು. “ಏಕಾದಶಿ ದಿನಾನೂ?”

“ಹೌದ್ರಿ. ವಿಠೋಬಾ ನನಗೇನೂ ಅಂದಿಲ್ಲ.”

ವೀಣೆ ಯಾರಿಗೆಂದು ಮಂಡಳಿ ಸೇರಿತು. ಅಜೀತನಿಗೆ ತನ್ನ ಪಾದಗಳೇ ಕಾಣುತ್ತಿರಲಿಲ್ಲ. ಲಲಿತಾಬಾಯಿಯ ಹೆಸರು ಬಂದಾಗ ದಿಗಂಬರ, “ಹೆಣ್ಮಕ್ಕಳು ವೀಣಾ ಹಿಡಿಯೂದು ಹ್ಯಾಂಗ್ರಿ?” ಎಂದು ಆಕ್ಷೇಪಿಸಿದ.

“ನೀನು ಹಿಡಿಯಪಾ ಮತ್ತ,” ಎಂದರು ಯಾರೋ. ದಿಗಂಬರ ತನ್ನ ಹೊಟ್ಟೆಯನ್ನು ನೋಡಿಕೊಂಡು, ವೀಣೆಗೆ ಅಲ್ಲಿ ಸ್ಥಳವಿಲ್ಲವೆಂದು ತಿಳಿದು ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಂಡ. ಲಲಿತಾಬಾಯಿ ಮುಂದೆ ನಡೆದಳು. ಶೇಟರು ಎಲ್ಲರ ಹಿಂದೆ, ಸಾಮಾನಿನ ಟೆಂಪೋದಲ್ಲಿ, ಸಾಬುದಾಣಿಯ ಚೀಲದ ಮೇಲೆ ಕುಳಿತು ಪಂಢರಪುರ ಮುಟ್ಟಿದರು.

ಈಗ ಗಾಯ ಮಾಯುತ್ತಿದೆ. ಪೇಟೆ ಮಾತ್ರ ಶೇಟರು ಹಾಕಿಕೊಟ್ಟ ದಾರಿಯಲ್ಲೇ ಆರೋಗ್ಯವಂತವಾಗುತ್ತಿದೆ, ಚೀಲಗಳೂ ಮಾರಾಟವಾಗುತ್ತಿವೆ. ಏಕಾದಶಿಯ ಮಧ್ಯಾಹ್ನ ಯಾರಾದರೂ ಕೇಳಿದರೆ ಹಣದ ಗಲ್ಲೆಯ ಮುಂದೆ ಕುಳಿತ ಲಲಿತಾಬಾಯಿ, “ಶೇಟ್‌ರು ಕಡಕ ಉಪವಾಸ ಅದಾರ್ರಿ, ಒಳಗ ಮಲಗ್ಯಾರ,” ಎನ್ನುತ್ತಾಳೆ. ಸಾಬುದಾಣಿ ಚೀಲಗಳ ಮರೆಯಲ್ಲಿ ಶೇಟರು ಗೋಡೆಗೆ ತೂಗುಹಾಕಿದ ವೀಣೆಯ ಕಡೆ ನೋಡುತ್ತ, ಸಪ್ಪಳವಾಗದಂತೆ ನೀರಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಪುಂಡಿಪಲ್ಯದೊಡನೆ ತಿನ್ನುತ್ತಿರುತ್ತಾರೆ.