ತಾರೀಖಿಗೆ ಕಾದಿರುವ ಅಡಿಗಲ್ಲು

ಇಳಕಲ್‌ ಹೊರವಲಯದ ತಗಡಿನ ಶೆಡ್ಡಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನಸುಕಿನ ನಮಾಜು ಮುಗಿಸಿ ಬಂದ ಮುರ್ತುಜಸಾಬರು ಲುಂಗಿ ಎತ್ತಿ ಕಟ್ಟಿ, ಗ್ರಾನೈಟ್ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಗ್ರೈಂಡರ್ ಕಿರುಚುತ್ತದೆ, ಹುಡಿ ಏಳುತ್ತದೆ, ಮಂತ್ರಿಯೊಬ್ಬರ ಹೆಸರು ಮೆಲ್ಲಗೆ ಅಳಿಯುತ್ತದೆ. ಖಾತೆ ಬದಲಾದರೆ ಮಂತ್ರಿಗೆ ಹೊಸ ಕೋಣೆ, ಇವರಿಗೆ ಅದೇ ಹಳೆಯ ಕಲ್ಲು.

"ಕೆತ್ತೂದು ಹಗರ ರಿ, ಒರಸೂದು ಭಾಳ ತ್ರಾಸ," ಎನ್ನುತ್ತಾರೆ ಮೂಗಿಗೆ ಕಟ್ಟಿದ ಅರಿವೆ ಸರಿಸಿ. "ಒಂದ್ ಸಾಲು ಕೆಟ್ರ ಕಲ್ಲಿನ ಇಡೀ ಮಾರಿ ತಿಕ್ಕಬೇಕು. ಅಕ್ಷರ ಎಷ್ಟು ಆಳ ಹೋಗಿರತೈತಿ, ಅಷ್ಟೂ ಕಲ್ಲು ಸವೀಬೇಕು."

ಹುನಗುಂದ ಸೀಮೆಯಲ್ಲಿ ಶಾಲೆಯ ಕೊಠಡಿಯಿರಲಿ, ನೀರಿನ ಟಾಕಿಯಿರಲಿ, ಭೂಮಿಪೂಜೆಯ ಅಡಿಗಲ್ಲು ಹೆಚ್ಚಾಗಿ ಹೋಗುವುದು ಇವರ ಉಳಿಯ ಕೆಳಗಿನಿಂದ. ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆದರು, ಇವರು ಅಕ್ಷರ ಹಿಡಿದರು. ಈಗ ಕಂಪ್ಯೂಟರ್ ಕಟಿಂಗ್ ಬಂದು ಅರ್ಧ ಕೆಲಸ ಕೈಬಿಟ್ಟಿದೆ, ಹುಡಿ ಮಾತ್ರ ಎದೆ ಬಿಟ್ಟಿಲ್ಲ. ಮಾತಿನ ನಡುವೆ ಕೆಮ್ಮು ಬರುತ್ತದೆ. ಈ ಕಸುಬಿಗೊಂದು ರೂಢಿಯಿದೆ. ಮಂತ್ರಿಗಳ ಭೇಟಿ ಯಾವಾಗ ಗಟ್ಟಿಯಾಗುತ್ತದೋ ಹೇಳಲಾಗದು, ಹಾಗಾಗಿ ಅನುದಾನ ಬರುವ ಮೊದಲೇ ಎಲ್ಲವನ್ನೂ ಕೆತ್ತಿ, ತಾರೀಖಿನ ಜಾಗ ಮಾತ್ರ ಖಾಲಿ ಬಿಡುತ್ತಾರೆ.

ಮುಂದಿರುವುದು ಕಮತಗಿ ಆಚೆಯ ಹಳ್ಳದ ಸೇತುವೆಯ ಕಲ್ಲು. ಹಳ್ಳದಾಚೆಯ ಊರು ಮುರ್ತುಜಸಾಬರ ಮಗಳು ತಸ್ಲೀಮಾಳ ಗಂಡನ ಮನೆ, ಅವಳು ಅಲ್ಲಿಯ ಆಶಾ ಕಾರ್ಯಕರ್ತೆ. ಮಳೆ ಜೋರಾದರೆ ಊರಿಗೆ ದಾರಿಯೇ ಇಲ್ಲ. ಹೋದ ಮಳೆಗಾಲದಲ್ಲಿ ತಸ್ಲೀಮಾ ಬಸುರಿಯೊಬ್ಬಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹಳ್ಳಕ್ಕಿಳಿದಾಗ ನಡುನೀರಿನಲ್ಲಿ ಎಂಜಿನ್ ನಿಂತುಹೋಯಿತು. ದಂಡೆಯವರು ಹಗ್ಗ ಎಸೆದು ಎಳೆದರು, ಎಲ್ಲರೂ ಉಳಿದರು. ಅಂದಿನಿಂದ ಮೋಡ ಕಟ್ಟಿದರೆ ಈ ತಂದೆಗೆ ಊಟ ಸೇರುವುದಿಲ್ಲ.

ಶಾಸಕ ನಿಂಗರಾಜ ಈ ಸೇತುವೆಗಾಗಿ ಓಡಾಡಿದ್ದು ಸುಳ್ಳಲ್ಲ. ಸದನದಲ್ಲಿ ಕೇಳಿದ್ದಾರೆ, ಬಾಗಲಕೋಟೆಯ ಸಭೆಗಳಲ್ಲಿ ಜಗಳವಾಡಿದ್ದಾರೆ, ಬೆಂಗಳೂರಿನಲ್ಲಿ ಚಪ್ಪಲಿ ಸವೆಸಿದ್ದಾರೆ. ಎರಡು ವರ್ಷದ ಹಿಂದೆ ಅವರ ಆಪ್ತ ಸಹಾಯಕ ಯಂಕಪ್ಪ "ಮಂಜೂರಾತು" ಎಂದು ಫೋನ್ ಮಾಡಿದ್ದೇ ತಡ, ಮುರ್ತುಜಸಾಬರು ಮುಂದಿನ ಶುಕ್ರವಾರವೇ ಪೂಜೆಯೆಂದು ರೂಢಿ ಮುರಿದು ತಾರೀಖನ್ನೂ ಕೆತ್ತಿಬಿಟ್ಟರು. ಮಂಜೂರಾದದ್ದು ಕಾಮಗಾರಿ, ದುಡ್ಡಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಆಗ ಒಮ್ಮೆ ತಿಕ್ಕಿದರು. ಈಗ ಮಂತ್ರಿ ಬದಲಾದರೆಂದು ಮತ್ತೆ ತಿಕ್ಕುತ್ತಿದ್ದಾರೆ.

"ಮಗಳ ಊರು ಅಂತ ಅವಸರ ಮಾಡಿದ್ನಿರಿ," ಎನ್ನುತ್ತಾರೆ. "ಬ್ಯಾರೆ ಊರಿನ ಕಲ್ಲಾಗಿದ್ರ ಕೈ ತಡೀತಿತ್ತು."

ಅಷ್ಟರಲ್ಲಿ ಶೆಡ್ಡಿನ ಮುಂದೆ ಕಾರು ನಿಲ್ಲುತ್ತದೆ. ನಿಂಗರಾಜ ಅನುದಾನಕ್ಕಾಗಿ ಮತ್ತೆ ಬೆಂಗಳೂರಿಗೆ ಹೊರಟಿದ್ದಾರೆ. ನಿದ್ದೆಗೆಟ್ಟ ಮುಖ. ಚಹಾ ಹಿಡಿದು ಕಲ್ಲಿನ ಚೂರುಗಳ ನಡುವೆಯೇ ಕೂರುತ್ತಾರೆ.

"ಹೊಸ ಮಂತ್ರಿಗೋಳ ಹೆಸರು ಬರದು ಕೊಡ್ರಿ ಸಾಹೇಬ್ರ," ಎನ್ನುತ್ತಾರೆ ಮುರ್ತುಜಸಾಬರು. "ಆದ್ರ ಇದ ಕಡೀದು. ಕಲ್ಲು ತೆಳ್ಳಗಾಗೈತಿ, ಮತ್ತೊಮ್ಮೆ ತಿಕ್ಕಿದ್ರ ಒಡೀತೈತಿ."

ಶಾಸಕರು ಕಲ್ಲಿನ ಮೇಲೆ ಕೈಯಾಡಿಸುತ್ತಾರೆ. "ಯಾರ ಹೆಸರೂ ಬ್ಯಾಡ್ರಿ ಸಾಬ್ರ."

"ನಿಮ್ದು?"

"ನಂದೂ ಬ್ಯಾಡ. ಮುಂದ ಇಲೆಕ್ಷನ್ ಐತಿ, ನಾ ಇರ್ತೇನೋ ಇಲ್ಲೋ. ರೊಕ್ಕ ಯಾರ ಕಾಲಕ್ಕರ ಬರಲಿ, ಕಲ್ಲು ನಿಲ್ಲಬೇಕು. ಊರ ಹೆಸರು, ಸೇತುವಿ ಅಂತ ಇಷ್ಟ ಕೆತ್ರಿ."

ಕಾರು ಹೋಗುತ್ತದೆ. ಇಷ್ಟು ವರ್ಷದ ಕಸುಬಿನಲ್ಲಿ ಮುರ್ತುಜಸಾಬರು ಅಕ್ಷರ ದೊಡ್ಡದು ಮಾಡಿ ಎಂದವರನ್ನು ಕಂಡಿದ್ದಾರೆ, ಹೆಸರೇ ಬೇಡ ಎಂದವರನ್ನು ಕಂಡಿಲ್ಲ. ದೊಡ್ಡ ಮಾತು ಎಂದು ಸಂತೋಷ ಪಡಬೇಕಿತ್ತು. ಅವರಿಗೆ ಆದದ್ದು ಭಯ.

"ಬೇಡಾಕ ಹೋಗಾವ್ರಿಗೇ ಭರೋಸಾ ಇಲ್ಲಂತಾತಲ್ರಿ," ಎಂದು ಬಾಗಿಲ ಕಡೆ ನೋಡುತ್ತಾರೆ.

ಜೇಬಿನ ಫೋನು ಅರಚುತ್ತದೆ, ತಸ್ಲೀಮಾ. ಸಾಹೇಬರು ಏನಂದರು ಎಂಬ ಪ್ರಶ್ನೆ. "ಹೊಂಟಾರ ಬೇಟಿ, ಬೆಂಗಳೂರಿಗೆ," ಎಂದಷ್ಟೇ ಹೇಳಿ ಇಡುತ್ತಾರೆ.

ಬಿಸಿಲು ಶೆಡ್ಡಿನೊಳಕ್ಕೆ ಬಂದಿದೆ. ತಿಕ್ಕಿದ ಕಲ್ಲಿಗೆ ನೀರು ಹೊಯ್ದು, ಸೀಸದಕಡ್ಡಿಯಿಂದ ಗೆರೆ ಎಳೆದು, ಮಗಳ ಊರಿನ ಮೊದಲಕ್ಷರಕ್ಕೆ ಉಳಿ ಇಡುತ್ತಾರೆ. ಹೆಸರುಗಳಿಲ್ಲದ ಕಲ್ಲನ್ನು ಜನ ಓದುತ್ತಾರೆಯೇ ಎಂದು ಕೇಳಿದರೆ ಕೈ ನಿಲ್ಲಿಸದೆ ಉತ್ತರಿಸುತ್ತಾರೆ.

"ಹಳ್ಳ ಬಂದು ದಂಡಿಗೆ ನಿಂತಾವ್ರು ಓದ್ತಾರ್ರಿ, ಅವ್ರಿಗೆ ಬ್ಯಾರೆ ಏನ್ ಕೆಲಸ? ನನ್ನ ಅಕ್ಷರ ಯಾರೂ ಓದಬಾರದು. ನನ್ನ ಮಗಳು ಈ ಕಲ್ಲಿನ ಕಡೆ ತಿರುಗಿ ಸೈತ ನೋಡದಂಗ, ಮಳ್ಯಾಗ, ಸೇತುವಿ ಮ್ಯಾಲ ನಡಕೋತ ದಾಟಿ ಹೋಗಬೇಕು."