ಬಿಳಿ ಬಟ್ಟೆಯ ನೀರು

ಮತ ಕೇಳಲು ಬಂದವರು ಕರಪತ್ರ ಕೊಟ್ಟು ಕೈಮುಗಿಯುತ್ತಾರೆ. ಇಸ್ತ್ರಿಯಕ್ಕ ನೀರು ಕೇಳುತ್ತಿದ್ದಳು. ಹೊಸಿಲ ಬಳಿ ಕುಕ್ಕರಿಸಿ, "ಒಂದು ಲೋಟ ನೀರು ಕೊಡೇ ತಾಯಿ, ಗಂಟಲು ಒಣಗಿಹೋಯ್ತು" ಎನ್ನುವಳು. ನೀರು ಕೊಟ್ಟವರು, ಅವಳು ಕುಡಿದು ಮುಗಿಸುವ ತನಕ ಎದುರಿಗೆ ನಿಲ್ಲಲೇಬೇಕಲ್ಲ. ಅಷ್ಟು ಹೊತ್ತು ಸಾಕಿತ್ತು. ಗಂಡನ ಕೆಮ್ಮು, ಮಗಳ ಪರೀಕ್ಷೆ, ಸೋರುವ ಸೂರು, ಎಲ್ಲವನ್ನೂ ವಿಚಾರಿಸಿ, ಲೋಟ ಹಿಂದಿರುಗಿಸುವಾಗ ಪಕ್ಷದ ಹೆಸರು ಹೇಳುವಳು.

"ಅಕ್ಕಂದು ಹೊಟ್ಟೆನೋ ಓವರ್‌ಹೆಡ್ ಟ್ಯಾಂಕೋ?" ಎಂದು ಪಕ್ಷದ ಕಾರ್ಯದರ್ಶಿ ನಗುತ್ತಿದ್ದ. ನಕ್ಕರೂ ಆ ಬೀದಿಯನ್ನು ಅವಳ ಕೈಗೇ ಬಿಟ್ಟಿದ್ದ.

ಗಂಡ ಸತ್ತ ವರ್ಷ, ರಸ್ತೆಗೆ ಅಡ್ಡವೆಂದು ಅವಳ ಇಸ್ತ್ರಿ ಮೇಜನ್ನು ಎತ್ತಿಹಾಕಲು ನಗರಸಭೆಯವರು ಬಂದಿದ್ದರು. ಪಕ್ಷದವನೊಬ್ಬ ಲಾರಿಯ ಮುಂದೆ ನಿಂತು ತಡೆದ. ಮುಂದೆ ಅವನೇ ನಗರಸಭೆಯ ಸದಸ್ಯನಾದ. ಆ ಒಂದು ಉಪಕಾರಕ್ಕೆ ಅವಳು ಚುನಾವಣೆ ಬಂದಾಗಲೆಲ್ಲ ಚಪ್ಪಲಿ ಸವೆಸಿದಳು. ಅವನ ಬಿಳಿ ಅಂಗಿಗಳೂ ಅವಳ ಮೇಜಿಗೇ ಬರುತ್ತಿದ್ದವು.

ಕಳೆದ ಚುನಾವಣೆಯಲ್ಲಿ ಬೀದಿಗೆ ಬೇಕಾಗಿದ್ದದ್ದು ಹೊಸ ನೀರಿನ ಪೈಪು. ಹಳೆಯದು ತುಕ್ಕು ಹಿಡಿದು ಚರಂಡಿಯ ಮಗ್ಗುಲಲ್ಲೇ ಹಾದುಬರುತ್ತಿತ್ತು. "ಪೈಪು ಬರದಿದ್ರೆ ನನ್ನ ಕೇಳಿ" ಎಂದು ಇಸ್ತ್ರಿಯಕ್ಕ ಮನೆಮನೆಗೂ ಮಾತು ಕೊಟ್ಟಳು. ಅವಳ ಮಾತಿನ ಮೇಲೆ ಬೀದಿ ಮತ ಹಾಕಿತು, ಸದಸ್ಯ ಗೆದ್ದ. ಪೈಪುಗಳು ಬೀದಿಯ ಬಾಯಿಗೆ ಬಂದು ಬಿದ್ದವು. ಕೆಲವು ತಿಂಗಳಾದ ಮೇಲೆ ಲಾರಿ ಬಂದು ಅವನ್ನು ಬೇರೆ ಬಡಾವಣೆಗೆ ಹೊತ್ತೊಯ್ದಿತು.

ಅವಳು ಕಚೇರಿಗೆ ಹೋಗಿ ಕೇಳಿದಳು. "ಬರುತ್ತಕ್ಕ, ಅವಸರ ಯಾಕೆ? ಈಗ ಬರೋ ನೀರಿಗೇನಾಗಿದೆ, ಜನ ಕುಡೀತಿಲ್ವಾ?" ಎಂದ ಕಾರ್ಯದರ್ಶಿ.

ಆ ಸುಮಾರಿಗೇ ಸದಸ್ಯನ ಹೆಂಡತಿ ಅಂಗಿಗಳನ್ನು ವಾಪಸು ಕಳಿಸಿದಳು. ಇಸ್ತ್ರಿಗೆ ನೀರು ಚಿಮುಕಿಸಿದಲ್ಲೆಲ್ಲ ಹಳದಿ ಕಲೆ. ಇಸ್ತ್ರಿಯಕ್ಕನಿಗೆ ನಾಚಿಕೆಯಾಯಿತು. ಅಂದಿನಿಂದ ಪಕ್ಷದ ಕಚೇರಿಯ ಫಿಲ್ಟರಿನಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದಳು. ಬಿಳಿ ಬಟ್ಟೆಗೆ ಕ್ಯಾನಿನ ನೀರು, ಉಳಿದದ್ದಕ್ಕೆಲ್ಲ ನಲ್ಲಿಯ ನೀರು. ಅಡುಗೆಗೆ, ಕುಡಿಯುವುದಕ್ಕೆ ಅವಳೂ ನಲ್ಲಿಯದನ್ನೇ ಬಳಸುತ್ತಿದ್ದಳು.

ಎದುರು ಮನೆಯಲ್ಲಿ ಅವಳ ಮೈದುನನ ಹೆಂಡತಿ, ಅಂದರೆ ವಾರಗಿತ್ತಿ. ಒಂದು ದಿನ ಅವಳು ಕೇಳಿದಳು: "ಏನಕ್ಕ, ಕ್ಯಾನೆಲ್ಲ ಬಂದ್ಬಿಟ್ಟಿದೆ! ದೊಡ್ಡಮನುಷ್ಯಳಾಗ್ಬಿಟ್ಟೆ."

"ನನಗಲ್ಲ ಕಣೇ, ಅಂಗಿಗೆ. ನಲ್ಲಿ ನೀರು ಹಾಕಿದ್ರೆ ಕಲೆ ಬೀಳುತ್ತೆ."

ಇಬ್ಬರೂ ನಕ್ಕರು. ವಾರಗಿತ್ತಿಯ ಮಗಳು, ಆರು ವರ್ಷದವಳು, ಮೇಜಿನ ಕೆಳಗೆ ಕೂತು ಉದುರಿದ ಗುಂಡಿಗಳನ್ನು ಆಯ್ದು ಡಬ್ಬಿಗೆ ಹಾಕುತ್ತಿದ್ದಳು.

ಆ ವರ್ಷ ಬೀದಿಯಲ್ಲಿ ಕಾಮಾಲೆ ಹಬ್ಬಿತು. ದೊಡ್ಡವರು ಮಲಗಿ ಎದ್ದರು. ಆ ಮಗು ಏಳಲಿಲ್ಲ. ಆಸ್ಪತ್ರೆಯ ವೈದ್ಯರು ನೀರಿನಿಂದಲೇ ಎಂದು ಹೇಳಿ ಕಳಿಸಿದರು. ವಾರಗಿತ್ತಿ ಜಗಳವಾಡಲಿಲ್ಲ. ಮಾತು ಮಾತ್ರ ನಿಲ್ಲಿಸಿದಳು.

ಮತ್ತೆ ಚುನಾವಣೆ ಬಂತು. ಬೀದಿಯ ಆ ತುದಿಯಿಂದ ಶುರುಮಾಡೋಣವೆಂದು ಇಸ್ತ್ರಿಯಕ್ಕ ಹೇಳಿದಳು. ಕಾರ್ಯದರ್ಶಿ ಒಪ್ಪಲಿಲ್ಲ. "ಪ್ರತಿ ಸಲ ವಾರಗಿತ್ತಿ ಮನೇಲೇ ಬೋಣಿ ಮಾಡ್ತಿದ್ದೆ. ಈ ಸಲ ಬಿಟ್ರೆ ಬೀದಿಯೋರು ಏನ್ ತಿಳ್ಕೋತಾರೆ? ನಡಿಯಕ್ಕ."

ವಾರಗಿತ್ತಿ ಬಾಗಿಲು ತೆರೆದಳು. ಏನು ಹೇಳಬೇಕೆಂದು ಇಸ್ತ್ರಿಯಕ್ಕ ಕಚೇರಿಯಿಂದ ಬರುವ ದಾರಿಯುದ್ದಕ್ಕೂ ಯೋಚಿಸಿದ್ದಳು. ಎಲ್ಲ ಮರೆತುಹೋಗಿ, ಅಭ್ಯಾಸಬಲದಿಂದ ಆ ಹಳೆಯ ಮಾತೇ ಬಾಯಿಂದ ಬಂದುಬಿಟ್ಟಿತು. "ಒಂದು ಲೋಟ ನೀರು ಕೊಡೇ ತಾಯಿ."

ವಾರಗಿತ್ತಿ ಒಳಗೆ ಹೋಗಿ ನೀರು ತಂದಳು. ಇಸ್ತ್ರಿಯಕ್ಕ ಕುಡಿಯುವ ತನಕ ಎದುರಿಗೇ ನಿಂತಿದ್ದಳು.

"ನೀನು ಕೇಳ್ದೆ, ನಾನು ಕೊಟ್ಟೆ" ಎಂದಳು. "ಆವತ್ತು ಆ ಕ್ಯಾನಿಂದ ಒಂದು ಚೊಂಬು ಕೊಡು ಅಂತ ಕೇಳೋಕೆ ನನಗೆ ಹೊಳೀಲಿಲ್ಲ ನೋಡಕ್ಕ. ನಿನಗೂ ಹೊಳೀಲಿಲ್ಲ." ಲೋಟ ತೆಗೆದುಕೊಂಡು ಬಾಗಿಲು ಹಾಕಿದಳು.

"ಇರ್ಲಿ ಬಾ, ಹೊಟ್ಟೆ ಸಂಕಟ" ಎಂದ ಕಾರ್ಯದರ್ಶಿ. ಉಳಿದ ಮನೆಗಳಲ್ಲಿ ಅವನೇ ಮಾತಾಡಿದ. ಇಸ್ತ್ರಿಯಕ್ಕ ಕರಪತ್ರ ಹಿಡಿದು ಹಿಂದೆ ನಿಂತಿದ್ದಳು. ಯಾರ ಮನೆಯಲ್ಲೂ ಏನನ್ನೂ ಕೇಳಲಿಲ್ಲ.

ಈ ಬೀದಿ ಕೈಕೊಟ್ಟಿತು. ಬೇರೆ ಬೀದಿಗಳ ಮತದಿಂದ ಸದಸ್ಯ ಮತ್ತೆ ಗೆದ್ದ. ಮೆರವಣಿಗೆಗೆಂದು ಬಿಳಿ ಅಂಗಿಗಳ ಗಂಟು ಬಂತು. ಕ್ಯಾನು ತುಂಬಿ ಕಾಲ ಬಳಿಯೇ ಇತ್ತು. ಇಸ್ತ್ರಿಯಕ್ಕ ಚೊಂಬು ಹಿಡಿದು ನಲ್ಲಿಗೆ ಹೋದಳು. ಒಂದೊಂದು ಅಂಗಿಗೂ ಕತ್ತುಪಟ್ಟಿಯಿಂದ ಅಂಚಿನ ತನಕ ಧಾರಾಳವಾಗಿ ನೀರು ಚಿಮುಕಿಸಿ, ಬಿಸಿ ಪೆಟ್ಟಿಗೆಯನ್ನು ಒತ್ತಿ ಎಳೆದಳು. ಮಡಿಕೆ ಮುರಿಯದಂತೆ ಜೋಡಿಸಿ ಕಳಿಸಿದಳು.

ಕಾರ್ಯದರ್ಶಿ ಓಡಿಬಂದ. "ಏನಕ್ಕ ಇದು, ಮರ್ಯಾದೆ ತೆಗೆದುಬಿಟ್ಟೆಯಲ್ಲ! ಕ್ಯಾನು ಖಾಲಿಯಾಗಿತ್ತಾ?"

"ತುಂಬಿತ್ತು."

"ಮತ್ತೆ ಈ ನೀರು ಯಾಕೆ ಹಾಕ್ದೆ?"

"ಇದಕ್ಕೇನಾಗಿದೆ? ಜನ ಕುಡೀತಿಲ್ವಾ?"

ಮಾರನೆಯ ವಾರ ನಗರಸಭೆಯ ಲಾರಿ ಬಂದು ಮೇಜನ್ನು ಎತ್ತಿಕೊಂಡು ಹೋಯಿತು. ಈ ಸಲ ಮುಂದೆ ನಿಲ್ಲಲು ಯಾರೂ ಬರಲಿಲ್ಲ. ವಾರಗಿತ್ತಿ ಕಿಟಕಿಯಲ್ಲಿ ನಿಂತು ನೋಡಿದಳು, ಹೊರಗೆ ಬರಲಿಲ್ಲ. ಇಸ್ತ್ರಿಯಕ್ಕ ಗುಂಡಿಗಳ ಡಬ್ಬಿಯನ್ನು ಮಾತ್ರ ಮೊದಲೇ ಒಳಗೆ ತೆಗೆದಿಟ್ಟಿದ್ದಳು.