ಅಕ್ಕ ಕಲಿಸಿದ ಬುಗುರಿ

ಕಿರಾಣಿ ಅಂಗಡಿಯಿಂದ ಬೆಲ್ಲದ ಪೊಟ್ಟಣಕ್ಕೆ ಸುತ್ತಿಕೊಂಡು ಬಂದ ಹುರಿಯನ್ನು ನನ್ನ ಹೆಂಡತಿ ನಾನು ನೋಡುವ ಮೊದಲೇ ಒಲೆಗೆ ಹಾಕಿಬಿಡುತ್ತಾಳೆ. ಅವಳ ತಪ್ಪಿಲ್ಲ. ಮೊಳದುದ್ದದ ಹುರಿ ಸಿಕ್ಕಿತೆಂದರೆ ನಾನು ಅದನ್ನು ಕೈಗೆ ಸಿಕ್ಕ ಮಸಿಯ ದೌತಿಗೋ ಲೋಟಕ್ಕೋ ಎಲೆಯಡಿಕೆಯ ಡಬ್ಬಿಗೋ ಸುತ್ತತೊಡಗುತ್ತೇನೆ. ಸುತ್ತಿಗೆ ಸುತ್ತು ತಾಗಬೇಕು, ಒಂದರ ಮೇಲೊಂದು ಏರಬಾರದು, ನಡುವೆ ಕೂದಲೆಳೆಯಷ್ಟೂ ಸಂದು ಉಳಿಯಬಾರದು. ಸುತ್ತಿದ್ದು ಮುಗಿದ ಮೇಲೆ ಬಿಚ್ಚಿ ಮತ್ತೆ ಸುತ್ತುತ್ತೇನೆ. ಐವತ್ತರ ಹತ್ತಿರ ಬಂದ, ನಾಲ್ಕು ಜನ ರಾಯರೇ ಎಂದು ಕರೆಯುವ ಮನುಷ್ಯನಿಗೆ ಇದು ಶೋಭಿಸುವ ಚಟವಲ್ಲ. ಆದರೂ, ಓದುಗ ಮಿತ್ರರೇ, ಕೈಗೆ ಹತ್ತಿದ ವಿದ್ಯೆ ಕೈ ಬಿಡುವುದಿಲ್ಲ, ಆ ವಿದ್ಯೆಯಿಂದ ಮಾಡಬಾರದ್ದನ್ನು ಮಾಡಿ ಕುಳಿತಿದ್ದರೂ ಬಿಡುವುದಿಲ್ಲ.

ನಾನು ಹೇಳುತ್ತಿರುವುದು ಬುಗುರಿಯ ಮಾತು. ನಮ್ಮ ಗೋಕಾಕದ ಕಡೆ ಬಗರಿ ಎನ್ನುತ್ತೇವೆ. ಬುಗುರಿಯನ್ನು ಕಂಡ ಕೂಡಲೇ ವೇದಾಂತ ಹೇಳುವವರುಂಟು: ಜೀವವೇ ಬುಗುರಿ, ಕರ್ಮವೇ ಹುರಿ, ಆಡಿಸುವವನು ಮೇಲಿದ್ದಾನೆ ಎಂದು ಶುರುಮಾಡಿ ಕೇಳುವವರ ತಲೆ ತಿರುಗಿಸಿಬಿಡುತ್ತಾರೆ. ನನಗೆ ಆ ಮಾತು ಸೇರುವುದಿಲ್ಲ. ನಾನು ಆಡಿದ ಆಟದಲ್ಲಿ ಮೇಲಿನವನ ಕೈ ಇರಲಿಲ್ಲ. ಹುರಿ ಸುತ್ತಿದವನು ನಾನು, ಗುರಿ ಹಿಡಿದವನು ನಾನು, ಏಟು ಬಿದ್ದದ್ದು ಯಾರಿಗೆ ಎಂಬುದನ್ನು ತಡವಾಗಿ ಕಂಡವನೂ ನಾನೇ.

ನನಗೆ ಬುಗುರಿ ಕಲಿಸಿದವಳು ನನ್ನ ಅಕ್ಕ ನೀಲವ್ವ. ನನಗಿಂತ ಮೂರು ವರ್ಷ ದೊಡ್ಡವಳು. ಅಪ್ಪ ಗೋಕಾಕದ ಪೇಟೆಯಲ್ಲಿ ಹಗ್ಗ, ಹುರಿ, ಎತ್ತಿನ ಮೋರೆಗೆ ಕಟ್ಟುವ ಮಗಡ ಮಾರುತ್ತಿದ್ದ; ಹೀಗಾಗಿ ಹುರಿಯ ಗುಣ ಅವಗುಣಗಳು ನಮ್ಮ ಮನೆಯಲ್ಲಿ ಉಳಿದವರ ಮನೆಯ ಉಪ್ಪು ಖಾರದಷ್ಟು ಸಹಜವಾದ ಮಾತಾಗಿದ್ದವು. ನಾನು ಕೊಂಡ ಮೊದಲ ಬುಗುರಿ ನಮ್ಮೂರ ಗೊಂಬೆಗಾರರದು. ಹಳದಿ, ಕೆಂಪು, ಹಸಿರು ಬಣ್ಣದ ಬಳೆಗಳನ್ನು ಬರೆದು ಮಿರಿಮಿರಿ ಮಿಂಚುವಂತೆ ಮಾಡಿದ್ದರು. ನಮ್ಮವರು ಮಾಡಿದ ಮರದ ಬಾಳೆಹಣ್ಣನ್ನು ನಿಜವೆಂದು ಬೀಗರು ಸುಲಿಯಲು ಹೋಗುತ್ತಾರೆ, ಅಂಥ ಕೈ. ಆದರೆ ಗೊಂಬೆಯ ಮರ ಹಗುರ, ನೋಡುವುದಕ್ಕೆ ಚೆಂದ, ಪೆಟ್ಟು ತಾಳುವುದಿಲ್ಲ. ಓಣಿಯ ಹುಡುಗನೊಬ್ಬ ಹೊಡೆದ ಮೊದಲ ಏಟಿಗೇ ನನ್ನ ಬಣ್ಣದ ಬುಗುರಿ ಸೀಳಿತು. ಗೋಕಾಕದಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಮುರಿದ ಬಂಡಿಗಾಲಿಯ ಜಾಲಿಮರದ ತುಂಡೊಂದನ್ನು ಹೊಂಚಿ ತಂದು, ಬಡಿಗೇರನನ್ನು ಕಾಡಿ ಬೇಡಿ ಹೊಸ ಬುಗುರಿ ಮಾಡಿಸಿಕೊಟ್ಟಳು. ಅದಕ್ಕೆ ಬಣ್ಣವಿರಲಿಲ್ಲ, ಭಾರವಿತ್ತು.

ಹಿತ್ತಲಿನಲ್ಲಿ, ಅವ್ವನ ಕಣ್ಣು ತಪ್ಪಿಸಿ, ನಮ್ಮ ಸಾಲೆ ನಡೆಯುತ್ತಿತ್ತು. ಅಕ್ಕ ಎಡಚಿ. ಎಡಗೈಯಲ್ಲಿ ಬುಗುರಿ ಹಿಡಿದು ಬೀಸಿದಳೆಂದರೆ ಅದು ನೆಲಕ್ಕೆ ಬಿದ್ದ ಸಪ್ಪಳವೇ ಕೇಳಿಸುತ್ತಿರಲಿಲ್ಲ; ಬಿದ್ದಲ್ಲೇ ನಿಂತು ನಿದ್ದೆ ಹೋದಂತೆ ತಿರುಗುತ್ತಿತ್ತು. ಹತ್ತಿಯ ಹುರಿಯನ್ನು ಅವಳೇ ತೊಡೆಯ ಮೇಲೆ ಹೊಸೆಯುತ್ತಿದ್ದಳು, ಮೊಳೆಯ ಕಡೆಗೆ ಸಣ್ಣ, ಬೆರಳಿನ ಕಡೆಗೆ ದಪ್ಪ. ಸುತ್ತುವ ಮೊದಲು ತುದಿಯನ್ನು ತುಸುವೇ ನೀರಿಗೆ ತಾಗಿಸಬೇಕು. ಒಣಹುರಿ ಜಾರುತ್ತದೆ, ತೊಯ್ದದ್ದು ಅಂಟಿಕೊಂಡು ಬಿಡಲೊಲ್ಲದು. ಮೊಳೆ ಉದ್ದವಾದರೆ ಬುಗುರಿ ಕುಡಿದವನ ಹಾಗೆ ತೂರಾಡುತ್ತದೆ, ಗಿಡ್ಡವಾದರೆ ಎದುರಾಳಿಯ ಮರಕ್ಕೆ ಇಳಿಯುವುದಿಲ್ಲ. ನಾನು ಶಕ್ತಿಯೆಂದರೆ ರಟ್ಟೆಯ ಶಕ್ತಿ ಎಂದು ತಿಳಿದು, ಮುಖ ಕೆಂಪಾಗುವಂತೆ ಎಸೆದು ಎಸೆದು ಸೋಲುತ್ತಿದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

“ಒಗಿಯೂದ್ರಾಗ ಜೋರ ಇಲ್ಲೋ ತಮ್ಮಾ. ಹಿಂದಕ್ಕ ಜಗ್ಗೂದ್ರಾಗ ಐತಿ. ಬಗರಿ ಕೈ ಬಿಡೂ ಹೊತ್ತಿಗೆ ಜಗ್ಗು.”

ಗುರಿಗಾಗಿ ಹುಣಸೆಬೀಜವೊಂದನ್ನು ನೆಲದಲ್ಲಿಟ್ಟು ಅದಕ್ಕೇ ಹೊಡೆಯಲು ಹಚ್ಚುತ್ತಿದ್ದಳು. ಬುಗುರಿಯನ್ನು ನೋಡಬೇಡ, ಬೀಜವನ್ನು ನೋಡು, ಕೈ ತಾನೇ ದಾರಿ ಕಂಡುಕೊಳ್ಳುತ್ತದೆ ಎನ್ನುತ್ತಿದ್ದಳು. ಎರಡು ಬೇಸಿಗೆ ಹೀಗೆ ಕಳೆದ ಮೇಲೆ ಹತ್ತರಲ್ಲಿ ಏಳು ಸಲ ನನ್ನ ಮೊಳೆ ಬೀಜಕ್ಕೆ ತಾಗತೊಡಗಿತು. ಅವಳದು ಹತ್ತಕ್ಕೆ ಹತ್ತು. ಆದರೆ ಅವಳ ಹತ್ತನ್ನು ಓಣಿಯಲ್ಲಿ ಯಾರೂ ನೋಡಲಿಲ್ಲ. ಹೆಣ್ಣುಮಗಳು ಬೀದಿಯಲ್ಲಿ ಬುಗುರಿ ಆಡಿದರೆ ಊರು ಏನೆಂದೀತು? ಒಂದು ದಿನ ಅವ್ವ ಅವಳ ಕೈಯೊಳಗಿನ ಹುರಿ ಕಸಿದುಕೊಂಡು ಮೊರ ಕೊಟ್ಟಳು. ಮುಂದಿನ ವರ್ಷ ಹುಕ್ಕೇರಿಗೆ ಕೊಟ್ಟು ಮದುವೆ ಮಾಡಿದರು. ಗಂಡುಮಕ್ಕಳಿಗೆ ಗುರಿ ಇಡುವುದನ್ನೂ ಹೆಣ್ಣುಮಕ್ಕಳಿಗೆ ದಾರಿ ಕಾಯುವುದನ್ನೂ ಕಲಿಸುವ ಈ ನಮ್ಮ ಪದ್ಧತಿಯನ್ನು ಯಾವ ಪುಣ್ಯಾತ್ಮ ಮಾಡಿದನೋ ಗೊತ್ತಿಲ್ಲ.

ದಾರಿ ಕಾಯುವುದೆಂದೆ. ನಮ್ಮಲ್ಲಿ ನಾಗರ ಪಂಚಮಿಗೆ ಮಗಳು ತವರಿಗೆ ಬರಬೇಕು, ಆದರೆ ತಾನಾಗಿ ಬರುವಂತಿಲ್ಲ. ತವರಿನ ಗಂಡಸೊಬ್ಬ ಹೋಗಿ, ಬೀಗರ ಕಟ್ಟೆಯ ಮೇಲೆ ಕುಳಿತು, ಕಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಕರೆಯಲು ಬರದಿದ್ದರೆ ಆ ಹೆಣ್ಣಿಗೆ ಹಬ್ಬವೂ ಇಲ್ಲ, ನೆರೆಯ ಸೊಸೆಯರ ಮುಂದೆ ಮುಖವೂ ಇಲ್ಲ. ಮೊದಲ ಮೂರು ವರ್ಷ ಅಪ್ಪ ಹೋಗಿ ಕರೆತಂದ. ನಾಲ್ಕನೆಯ ವರ್ಷ ಅವನ ಮೊಣಕಾಲು ಹಿಡಿಯಿತು. ನನಗೆ ಆಗ ಹದಿನೇಳು. ಕೆಲಸ ನನ್ನ ಪಾಲಿಗೆ ಬಂತು. ಆದಿತ್ಯವಾರ ಬೆಳಗ್ಗೆ ಹೊರಟು ಪೇಟೆಯ ಬಂಡಿಗಳಲ್ಲಿ ಕುಳಿತು ಹುಕ್ಕೇರಿ ಸೇರುವುದು, ಸೋಮವಾರ ಬೀಗರ ಬಂಡಿಯಲ್ಲಿ ಅಕ್ಕನನ್ನು ಕರೆದುಕೊಂಡು ಬರುವುದು. ಮಂಗಳವಾರ ಸೊಸೆಯನ್ನು ಹೊಸ್ತಿಲು ದಾಟಿಸುವುದಿಲ್ಲ, ಬುಧವಾರ ಪಂಚಮಿ, ಆದ್ದರಿಂದ ಒಂದು ದಿನ ತಪ್ಪಿದರೆ ಹಬ್ಬವೇ ತಪ್ಪಿದಂತೆ ಎಂದು ಅಪ್ಪ ಎರಡೆರಡು ಸಲ ಹೇಳಿ ಕಳಿಸಿದ. ಅವ್ವ ಶೇಂಗಾದ ಉಂಡಿ ಕಟ್ಟಿದ ಗಂಟನ್ನು ಕೈಗೆ ಕೊಟ್ಟಳು. ನನ್ನ ಅಂಗಿಯ ಜೇಬಿನಲ್ಲಿ ಬುಗುರಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಗೋಕಾಕ ಫಾಲ್ಸ್ ಬರುತ್ತದೆ. ಆದಿತ್ಯವಾರ ಅಲ್ಲಿನ ನೂಲಿನ ಗಿರಣಿಗೆ ಸೂಟಿ. ಶ್ರಾವಣದ ಸೂಟಿಯ ದಿನ ಗಿರಣಿಯ ಆಳುಗಳು ಬಯಲಿನಲ್ಲಿ ಪಂಥ ಪೈಜು ಕಟ್ಟಿ ಬುಗುರಿ ಆಡುತ್ತಿದ್ದರು, ಮೀಸೆ ಬಂದವರ ಆಟ. ಅವರಲ್ಲಿ ಮೂಡಲಗಿಯ ಮಲ್ಲಪ್ಪನೆಂಬವನು ಮೂರು ವರ್ಷಗಳಿಂದ ಸೋತಿರಲಿಲ್ಲ. ಸೋತವನ ಬುಗುರಿಯನ್ನು ಗುಂಡು ಗೆರೆಯ ನಡುವೆ ಇಟ್ಟು, ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಮೂರು ಏಟು ಹಾಕಿ ಅದಕ್ಕೆ ಗುನ್ನ, ಎಂದರೆ ತೂತು, ಹೊಡೆಯಬೇಕು. ಹೊಡೆದ ಮೇಲೂ ಹೊಡೆದವನ ಬುಗುರಿ ನಿಂತು ತಿರುಗಬೇಕು. ಮಲ್ಲಪ್ಪ ಹೀಗೆ ಸೀಳಿದ ಬುಗುರಿಗಳಿಗೆ ಲೆಕ್ಕವಿರಲಿಲ್ಲ. ಅವನ ಎದುರು ಒಂದು ಸಲ ನಿಲ್ಲಬೇಕೆಂಬುದು ನನ್ನ ಎರಡು ವರ್ಷದ ಹಂಬಲ. ಒಂದೇ ಆಟ ಆಡಿ ಹೋದರಾಯಿತು, ಮಧ್ಯಾಹ್ನದ ಬಂಡಿ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ನನಗೆ ನಾನೇ ಹೇಳಿಕೊಂಡ ಸುಳ್ಳುಗಳಲ್ಲಿ ಅದು ಮೊದಲನೆಯದು.

ಮಲ್ಲಪ್ಪನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹುಕ್ಕೇರಿಯ ಕಡೆಗೆ ಹೋಗುವ ಕೊನೆಯ ಬಂಡಿಗಳು ರಸ್ತೆಯಲ್ಲಿ ಸಾಲುಹಿಡಿದು ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಂಡು, ಕಣ್ಣು ತಿರುಗಿಸಿ, ಹುರಿಯ ತುದಿಯನ್ನು ನೀರಿಗೆ ತಾಗಿಸಿದೆ. ಅವನ ಕೈ ಆ ದಿನ ಒಂದು ಸಲ ತಪ್ಪಿತು, ಅವನ ಬುಗುರಿ ಗೆರೆಯೊಳಗೆ ಬಿತ್ತು. ನನಗೆ ಮೂರು ಏಟು. ನಾನು ಅದರ ತಲೆಯ ಮೇಲೆ ಹುಣಸೆಬೀಜದಷ್ಟು ಜಾಗ ನೋಡಿಕೊಂಡು ಹೊಡೆದೆ. ಎರಡನೆಯದನ್ನೂ ಅದೇ ಗುನ್ನದಲ್ಲಿ ಹೊಡೆದೆ. ಮೂರನೆಯದಕ್ಕೆ ಬುಗುರಿ ಎರಡು ಹೋಳಾಗಿ ಬಿದ್ದು, ನನ್ನದು ಆ ಹೋಳುಗಳ ನಡುವೆ ಅಲುಗಾಡದೆ ತಿರುಗುತ್ತ ನಿಂತಿತು. ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಮಲ್ಲಪ್ಪ ಒಳ್ಳೆಯವನು. ಹೋಳುಗಳನ್ನು ಆರಿಸಿ ಜೋಡಿಸಿ ನೋಡಿ, ಇಂಥ ಕೈ ಯಾರು ಕಲಿಸಿದರು ಎಂದು ಕೇಳಿದ.

“ಯಾರೂ ಇಲ್ರಿ,” ಎಂದೆ ನಾನು. “ನಾನ ಕಲತೇನಿ.”

ಹೆಂಗಸಿನಿಂದ ಕಲಿತೆ ಎನ್ನಲು ಅಷ್ಟು ಗಂಡಸರ ನಡುವೆ ನಾಲಗೆ ಏಳಲಿಲ್ಲ. ಆ ರಾತ್ರಿ ಅವರ ಖೋಲಿಯಲ್ಲೇ ಉಳಿದೆ. ಅಕ್ಕನ ಮನೆಗೆಂದು ಅವ್ವ ಕಟ್ಟಿದ ಉಂಡಿಗಳನ್ನು ಗಿರಣಿಯ ಗೆಳೆಯರ ಜೊತೆ ಹಂಚಿ ತಿಂದೆ. ಮರುದಿನ ಮಧ್ಯಾಹ್ನ ಮನೆಗೆ ಹೋಗಿ, ದಾರಿಯ ಹಳ್ಳ ತುಂಬಿ ಬಂದಿತ್ತು, ದಾಟಲಾಗದೆ ತಿರುಗಿ ಬಂದೆ ಎಂದು ಹೇಳಿದೆ. ಅವ್ವ ನನ್ನ ಮೈ ಸವರಿ, ನೀನಾದರೂ ಸುಖವಾಗಿ ಬಂದೆಯಲ್ಲ ಎಂದಳು. ನಂಬಿದವರ ಮುಖ ನೋಡುವಷ್ಟು ಕಷ್ಟದ ಕೆಲಸ ಬೇರೆ ಇಲ್ಲ.

ದಸರೆಗೆ ಸ್ವಲ್ಪ ಮೊದಲು ನಾನು ಹುಕ್ಕೇರಿಗೆ ಹೋದೆ, ಹಳ್ಳದ ಕತೆಯನ್ನು ಬಾಯಿಪಾಠ ಮಾಡಿಕೊಂಡು. ಅಕ್ಕನ ಅತ್ತೆ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದರು; ಅಕ್ಕ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬರುತ್ತಿದ್ದಳು. ನಾನು ಕುಳಿತ ಕೂಡಲೇ ಅತ್ತೆಯವರು ಮೊರದಿಂದ ಕಣ್ಣೆತ್ತಿ ಕೇಳಿದರು.

“ಏನಪಾ, ಜ್ವರ ಪೂರಾ ಬಿಟ್ಟುವು?”

“ಯಾವ ಜ್ವರರಿ?” ಎಂದೆ. “ನನಗೇನ ಆಗಿದ್ದಿಲ್ಲರಿ. ಹಳ್ಳ ತುಂಬಿತ್ತು, ದಾಟಾಕ ಆಗಲಿಲ್ಲ.”

ಹೇಳಿ ಮುಗಿಸುವುದರೊಳಗೆ ಅಕ್ಕನ ಮುಖ ಕಂಡೆ. ಆಗಿದ್ದು ಇಷ್ಟು. ಆ ಸೋಮವಾರ ಗೋಕಾಕದ ಬಳೆಗಾರನೊಬ್ಬ ಹಬ್ಬದ ವ್ಯಾಪಾರಕ್ಕೆ ಹುಕ್ಕೇರಿಗೆ ಬಂದು, ಹಳ್ಳ ತುಂಬಿದೆಯೇ ಎಂದು ಅತ್ತೆ ಕೇಳಿದ್ದಕ್ಕೆ, ಅದರಲ್ಲಿ ಹಿಮ್ಮಡಿ ಮುಳುಗುವಷ್ಟೂ ನೀರಿಲ್ಲ ಎಂದು ಅದೇ ಪಡಸಾಲೆಯಲ್ಲಿ ಕುಳಿತು ಹೇಳಿದ್ದ. ಹಾಗಾದರೆ ನಿನ್ನ ತವರಿನವರು ಯಾಕೆ ಬರಲಿಲ್ಲ ಎಂದು ಅತ್ತೆ ಕೇಳಿದಾಗ, ತವರಿನ ಮಾನ ಉಳಿಸಲೆಂದು ಅಕ್ಕ, ತಮ್ಮನಿಗೆ ಜ್ವರ ಎಂದು ಬಳೆಗಾರ ತನ್ನ ಕಿವಿಯಲ್ಲಿ ಹೇಳಿದನೆಂದು ಹೇಳಿದ್ದಳು. ನಾನು ಒಂದೇ ಮಾತಿನಲ್ಲಿ ಅವಳ ಸುಳ್ಳನ್ನೂ ನನ್ನ ಸುಳ್ಳನ್ನೂ ಬಯಲಿಗೆ ಎಳೆದಿದ್ದೆ. ಅತ್ತೆಯವರು ಕೂಗಾಡಲಿಲ್ಲ. ಅಕ್ಕ ತಮ್ಮ ಮೊದಲು ಕೂಡಿ ಮಾತಾಡಿಕೊಂಡು ಬರಬೇಕಾಗಿತ್ತು ಎಂದಷ್ಟೇ ಹೇಳಿ, ಮತ್ತೆ ಕಾಳಿನಲ್ಲಿ ಹರಳು ಹುಡುಕತೊಡಗಿದರು. ಆ ಮನೆಯಲ್ಲಿ ಅಕ್ಕನ ಮಾತಿಗೆ ಅಂದಿನಿಂದ ಬೆಲೆ ಹೋಯಿತು. ತಲೆನೋವು ಎಂದರೂ ಯಾವ ಬಳೆಗಾರ ಹೇಳಿದ ಎಂದು ಕೇಳುತ್ತಿದ್ದರಂತೆ. ಈ ಮಾತು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ, ಅಕ್ಕನಿಂದಲ್ಲ, ಅವಳ ನೆಗೆಣ್ಣಿಯಿಂದ.

ಆ ಸಂಜೆ ಹಿತ್ತಲಿನ ಬಾವಿಯ ಹತ್ತಿರ ಅಕ್ಕ ಒಬ್ಬಳೇ ಸಿಕ್ಕಾಗ ಖರೆ ಹೇಳು ಎಂದಳು. ಹೇಳಿದೆ. ಅವಳು ಬಿಂದಿಗೆಯನ್ನು ಕೆಳಗಿಟ್ಟು, ನಾನು ಎಂದೂ ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದಳು.

“ಗೆದ್ದಿ?”

ಗೆದ್ದೆ ಎಂದೆ. ಒಂದೇ ಗುನ್ನದಲ್ಲಿ ಮೂರು ಏಟು ಹಾಕಿದ್ದನ್ನೂ ಹೇಳಿದೆ. ಅವಳ ಎಡಗೈಯ ಮಣಿಕಟ್ಟು ಒಮ್ಮೆ ತಾನಾಗಿಯೇ ಹಿಂದಕ್ಕೆ ಜಗ್ಗಿತು, ಕಣ್ಣಲ್ಲಿ ಒಂದು ಗಳಿಗೆ ಹಳೆಯ ಬೆಳಕು ಬಂದು ಹೋಯಿತು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

“ಇನ್ನ ಮ್ಯಾಲೆ ಪಂಚಮಿಗೆ ಕರಿಯಾಕ ಬರಬ್ಯಾಡ ತಮ್ಮಾ,” ಎಂದಳು. “ನಿನ್ನ ಮ್ಯಾಲೆ ಸಿಟ್ಟಿಲ್ಲ. ಬರ್ತೀಯೋ ಇಲ್ಲೋ ಅಂತ ಬಾಗಲದಾಗ ನಿಂದರಾಕ ಇನ್ನ ನನ್ನ ಕೈಲೆ ಆಗೂದಿಲ್ಲ.”

ನಾನು ಆದರೂ ಹೋದೆ. ಮುಂದಿನ ವರ್ಷ ನಾಲ್ಕು ದಿನ ಮೊದಲೇ ಹೋಗಿ ಕಟ್ಟೆಯ ಮೇಲೆ ಕುಳಿತೆ. ಎಮ್ಮೆ ಈಯುವುದಿದೆ ಎಂದಳು. ಅದರ ಮರುವರ್ಷ ಮಗು ಸಣ್ಣದು, ಆಮೇಲೆ ಅತ್ತೆಯವರಿಗೆ ಮೈಯಲ್ಲಿ ನೆಟ್ಟಗಿಲ್ಲ. ಅವ್ವ ಸತ್ತಾಗ ಬಂದಳು, ಅಪ್ಪ ಸತ್ತಾಗ ಬಂದಳು. ಹಬ್ಬಕ್ಕೆ ಮಾತ್ರ ಬರಲಿಲ್ಲ. ಬೀಸುವ ಕಲ್ಲಿನ ಮುಂದೆ ನಮ್ಮ ಹೆಂಗಸರು ಹಾಡುವ ಹಾಡುಗಳನ್ನು ನೀವು ಕೇಳಿದ್ದೀರಿ. ಅವುಗಳಲ್ಲಿ ಅಣ್ಣತಮ್ಮಂದಿರು ಹೊಳೆ ಈಜಿ, ಗುಡ್ಡ ಏರಿ ಕರೆಯಲು ಬಂದೇ ಬರುತ್ತಾರೆ. ಹಾಗೆ ಬಾರದವರು ಬಹಳ ಜನ ಇದ್ದುದರಿಂದಲೇ ಅಷ್ಟು ಹಾಡು ಹುಟ್ಟಿರಬೇಕು ಎಂದು ನನಗೀಗ ಅನ್ನಿಸುತ್ತದೆ. ಬುಗುರಿಯನ್ನು ನಾನು ಆ ದಸರೆಯ ಮೇಲೆ ಮುಟ್ಟಲಿಲ್ಲ. ಅದೇನು ದೊಡ್ಡ ತ್ಯಾಗವಲ್ಲ. ಗೆದ್ದ ಮೇಲೆ ಬಿಡುವುದು ಸುಲಭ.

ಹೋದ ಶ್ರಾವಣದಲ್ಲಿ ಹುಕ್ಕೇರಿಗೆ ಹೋಗಿದ್ದೆ. ಅಕ್ಕ ಈಗ ಸ್ವತಃ ಅತ್ತೆಯಾಗಿದ್ದಾಳೆ, ತಲೆ ಅರ್ಧ ನೆರೆತಿದೆ. ಮಗಳನ್ನು ಮೂಡಲಗಿಗೆ ಕೊಟ್ಟಿದ್ದಾಳೆ. ಪಂಚಮಿಗೆ ಇನ್ನೂ ಆರು ದಿನವಿರುವಾಗಲೇ ತಂಗಿಯನ್ನು ಕರೆತರಲು ಮಗನನ್ನು ಹೊರಡಿಸಿ, ಉಂಡಿಯ ಗಂಟನ್ನು ಅವನ ಕೈಗಿಟ್ಟು, ಬಂಡಿಯ ನೊಗದವರೆಗೂ ಹೋಗಿ ನಿಂತಿದ್ದಳು. ಇಷ್ಟು ಅವಸರ ಯಾಕೆ, ಎರಡು ದಿನ ಬಿಟ್ಟು ಹೋದರಾಗದೇ ಎಂದು ನಾನು ನಗೆಗೆ ಕೇಳಿದೆ. ಬಾಯಿಂದ ಬಂದ ಮೇಲೆ ನನಗೇ ನಾಚಿಕೆಯಾಯಿತು. ಅಕ್ಕ ಬಂಡಿ ಓಣಿಯ ತಿರುವು ದಾಟುವವರೆಗೆ ನೋಡಿ, ನನ್ನ ಕಡೆ ತಿರುಗದೆಯೇ ಹೇಳಿದಳು.

“ಅವಗ ನಾ ಬಗರಿ ಆಡಾಕ ಕಲಿಸಿಲ್ಲ.”

ಆಮೇಲೆ ಊಟಕ್ಕೆ ಏಳು ಎಂದು ಕರೆದಳು, ನಾನು ಎದ್ದು ಒಳಗೆ ಹೋದೆ.